ಕೆಂಪು ಬಾಲದ ಇಲಿ

ಹೈದರಾಬಾದ್
18 ಜನವರಿ 1982

ಪೂಜ್ಯ ದೊಡ್ಡಮ್ಮನವರಿಗೆ,

ನಿಮ್ಮ ಮಗಳ ನಮಸ್ಕಾರಗಳು. ಕೆಲಸಕ್ಕೆ ಸೇರಿ ಒಂದು ತಿಂಗಳಾಯಿತು. ಹಾಸ್ಟೆಲಿನ ಊಟ ಪರವಾಗಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ ಹಾಕದ ಪಲ್ಯವನ್ನು ನನಗೊಬ್ಬಳಿಗೆ ಬೇರೆ ತೆಗೆದಿಡುವಂತೆ ಅಡಿಗೆಯಾಕೆಯನ್ನು ಒಪ್ಪಿಸಿದ್ದೇನೆ. ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸುತ್ತೇನೆ. ನೀವು ಹೊಲಿದುಕೊಟ್ಟ ನೀರು ಸೋಸುವ ಬಟ್ಟೆಯನ್ನು ನಲ್ಲಿಗೆ ಕಟ್ಟಿದ್ದೇನೆ. ಪಕ್ಕದ ಕೋಣೆಯ ಹುಡುಗಿ ನೋಡಿ, ನಲ್ಲಿಗೆ ಗಾಯವಾಗಿದೆಯಾ ಎಂದು ಕೇಳಿದಳು.

ಕೆಲಸ ಏನು ಎಂದು ಕೇಳಿದ್ದಿರಿ. ಪುಸ್ತಕಾಲಯದ ಕೆಲಸವಿದ್ದ ಹಾಗೆಯೇ ಅನ್ನಿ. ನಮ್ಮ ಸಂಸ್ಥೆಯಲ್ಲಿ ತಳಿಗಳ ವಿವರ ಇಟ್ಟಿದ್ದಾರೆ. ಒಂದೊಂದು ತಳಿಗೆ ಒಂದೊಂದು ಕಾರ್ಡು. ಬಣ್ಣ ಯಾವುದು, ಎಲ್ಲಿಂದ ಬಂತು, ಯಾವ ರೋಗ ಬೇಗ ತಗಲುತ್ತದೆ, ಯಾವುದು ತಗಲುವುದಿಲ್ಲ, ಎಲ್ಲ ಅದರಲ್ಲಿರುತ್ತದೆ. ಕಾರ್ಡಿನ ನಾಲ್ಕು ಅಂಚಿಗೂ ಸಾಲಾಗಿ ತೂತುಗಳು. ಒಂದೊಂದು ತೂತು ಒಂದೊಂದು ಗುಣಕ್ಕೆ. ಆ ಗುಣ ಇದ್ದರೆ ತೂತಿನ ಅಂಚನ್ನು ಕತ್ತರಿಸಿ ಬಾಯಿ ಬಿಡಿಸುತ್ತೇವೆ. ಯಾವುದೋ ಊರಿನ ಡಾಕ್ಟರು 'ಇಂಥ ರೋಗ ಬರುವ ತಳಿ ಯಾವುದು' ಎಂದು ಬರೆದು ಕೇಳಿದರೆ, ಕಾರ್ಡುಗಳ ಕಟ್ಟನ್ನು ಜೋಡಿಸಿ, ಆ ತೂತಿಗೆ ಸ್ವೆಟರ್ ಹೆಣೆಯುವ ಕಡ್ಡಿ ತೂರಿಸಿ, ಎತ್ತಿ ಅಲುಗಿಸುತ್ತೇನೆ. ಬೇಕಾದ ಕಾರ್ಡುಗಳು ಉದುರುತ್ತವೆ. ಉಳಿದವು ಕಡ್ಡಿಯಲ್ಲೇ ನೇತಾಡುತ್ತವೆ. ನೋಡಲು ಚೆನ್ನಾಗಿರುತ್ತದೆ ದೊಡ್ಡಮ್ಮ. ನನಗೆ ಈ ಕೆಲಸ ಒಗ್ಗಿದೆ.

ದೊಡ್ಡಪ್ಪನಿಗೆ ನಮಸ್ಕಾರ ತಿಳಿಸಿ.

ಇತಿ,
ಕಾಂಚನ


ಬಸ್ತಿಹಳ್ಳಿ, ಹಳೇಬೀಡು
5 ಫೆಬ್ರವರಿ 1982

ಚಿ. ಪುಟ್ಟಕ್ಕನಿಗೆ ದೊಡ್ಡಮ್ಮನ ಆಶೀರ್ವಾದಗಳು. ಪಾರ್ಶ್ವನಾಥ ಸ್ವಾಮಿಯ ದಯದಿಂದ ನಾವು ಚೆನ್ನಾಗಿದ್ದೇವೆ.

ನಿನ್ನ ಕಾಗದವನ್ನು ನಿಮ್ಮ ದೊಡ್ಡಪ್ಪ ಜಗುಲಿಯಲ್ಲಿ ಕೂತು ಗಟ್ಟಿಯಾಗಿ ಓದಿದರು, ಬೀದಿಗೆ ಕೇಳಲಿ ಎಂದೇ. ರೋಗ ತಗಲದ ತಳಿ ಯಾವುದೆಂದು ನೀನು ಹೇಳುತ್ತೀಯೆ ಎಂದ ಮೇಲೆ ಅವರ ಸಂತೋಷ ಹೇಳತೀರದು. ಹೋದ ವರ್ಷ ನಮ್ಮ ರಾಗಿಗೆ ಬೆಂಕಿ ರೋಗ ಬಿದ್ದು ತೆನೆಯೆಲ್ಲ ಜೊಳ್ಳಾದದ್ದು ನಿನಗೆ ಗೊತ್ತೇ ಇದೆ. "ಕಡ್ಡಿ ಹಾಕಿ ಅಲುಗಿಸು ಅಂತ ಬರಿ. ಬೆಂಕಿ ರೋಗ ಬರದ ರಾಗಿ ಉದುರಲಿ" ಎಂದರು. ಅವರ ಮಾತನ್ನೇ ಬರೆದಿದ್ದೇನೆ. ಒಂದು ಸೇರು ಬೀಜ ಸಿಕ್ಕಿದರೂ ಸಾಕು, ಈ ವರ್ಷ ಬಿತ್ತಿ ಬೀಜ ಮಾಡಿಕೊಳ್ಳುತ್ತೇವೆ. ಜ್ಞಾನದಾನ, ಅನ್ನದಾನ ಎರಡೂ ಒಂದೇ ಕೆಲಸದಲ್ಲಿ ನಿನಗೆ ಸಿಕ್ಕಿತು. ಅನಂತ ಚತುರ್ದಶಿಗೆ ನಿನ್ನ ಕೈಯಲ್ಲಿ ಕಳಶ ಹಿಡಿಸಿ ಸ್ವಾಮಿಗೆ ಅಭಿಷೇಕ ಮಾಡಿಸುತ್ತೇನೆಂದು ಹರಕೆ ಹೊತ್ತಿದ್ದೇನೆ. ಆಗ ರಜೆ ಹಾಕಿ ಬರಬೇಕು.

ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿಗಳಿಗೆ ಇಲಿ ಹತ್ತಿದೆ. ಬೋನು ಇಟ್ಟಿದ್ದೇನೆ. ದಿನವೂ ಬೆಳಿಗ್ಗೆ ಒಂದು ಬಿದ್ದಿರುತ್ತದೆ. ನಾನೇ ಎತ್ತಿಕೊಂಡು ಹೋಗಿ ಕೆರೆ ಏರಿಯ ಆಚೆಗೆ ಬಿಟ್ಟು, ಸ್ನಾನ ಮಾಡಿ, ಬಸದಿಗೆ ಹೋಗುತ್ತೇನೆ. ಸಂಕ್ರಾಂತಿಯಿಂದ ಈಚೆಗೆ ಎಷ್ಟು ಜೀವ ಬಿಟ್ಟೆನೋ. ಮನಸ್ಸಿಗೆ ಹಗುರವಾಗಿದೆ. ಪಕ್ಕದ ಕೆಂಚಪ್ಪ ಮಾತ್ರ, ಇಲಿ ಬಿಡಲು ನನ್ನ ಬಣವೆ ದಾಟಿಕೊಂಡೇ ಹೋಗಬೇಕಾ ಎಂದು ಗೊಣಗುತ್ತಾನೆ. ಗೊಣಗಲಿ.

ನಿನ್ನ ದೊಡ್ಡಮ್ಮ,
ಜಿನಮತಿ


ಹೈದರಾಬಾದ್
1 ಮಾರ್ಚ್ 1982

ಪೂಜ್ಯ ದೊಡ್ಡಮ್ಮನವರಿಗೆ ನಮಸ್ಕಾರಗಳು.

ಬೀಜದ ವಿಷಯ. ಇಲ್ಲಿರುವ ತಳಿಗಳು ಹೊಲಕ್ಕೆ ಹಾಕುವಂಥವಲ್ಲ. ಬೇಲೂರಿನ ಕೃಷಿ ಕಚೇರಿಯಲ್ಲಿ ದೊಡ್ಡಪ್ಪ ಕೇಳಿದರೆ ಒಳ್ಳೆಯ ರಾಗಿ ಸಿಗುತ್ತದೆ.

ಇಲಿಗಳನ್ನು ಜೀವಸಹಿತ ಬಿಟ್ಟದ್ದು ಒಳ್ಳೆಯದಾಯಿತು.

ಮೊನ್ನೆ ಅರಸೀಕೆರೆಯ ಜಯಕುಮಾರ ಚಿಕ್ಕಪ್ಪ ಕೊಬ್ಬರಿ ವ್ಯಾಪಾರಕ್ಕೆಂದು ಬಂದವರು ನಮ್ಮ ಕಚೇರಿಗೂ ಬಂದಿದ್ದರು. ನೀವು ಕಳಿಸಿದ ಉಂಡೆ ತಲುಪಿತು. ಕೆಲಸ ಬಹಳ ಇದೆ. ಮತ್ತೆ ಬರೆಯುತ್ತೇನೆ.

ಕಾಂಚನ


ಬಸ್ತಿಹಳ್ಳಿ
9 ಏಪ್ರಿಲ್ 1982

ಪುಟ್ಟಕ್ಕನಿಗೆ,

ಮಹಾವೀರ ಜಯಂತಿಗೆ ಜಯಕುಮಾರ ಬಂದಿದ್ದ. ಪೂಜೆ ಮುಗಿದ ಮೇಲೆ ಬಸದಿಯ ಮುಂದೆ ನಾವು ಹೆಂಗಸರೆಲ್ಲ ಕೂತಿದ್ದೆವು. ಅವನು ಬಂದವನೇ, "ಅತ್ತಿಗೆ, ಕಾಂಚನ ಕೂತಿರೋ ಕಟ್ಟಡ ನೋಡ್ಬೇಕು ನೀವು. ಇಲಿಗಳನ್ನ ಡಬ್ಬದಲ್ಲಿ ಸಾಲಾಗಿ ಇಟ್ಟಿದ್ದಾರೆ. ಎಷ್ಟು ಶುಚಿ ಅಂತೀರಿ, ನಮ್ಮ ಮಂಡಿಗಿಂತ ವಾಸಿ. ಆ ಇಲಿಗಳ ಜಾತಕ ಎಲ್ಲ ನಮ್ಮ ಹುಡುಗಿ ಕೈಯಲ್ಲೇ" ಎಂದ.

"ಅವನ್ನ ಏನು ಮಾಡ್ತಾರಪ್ಪ?" ಎಂದೆ.

"ಔಷಧ ಕೊಟ್ಟು ನೋಡ್ತಾರೆ."

"ಆಮೇಲೆ?"

"ಆಮೇಲೆ ಕೊಯ್ದು ನೋಡ್ತಾರೆ" ಎಂದ. ಪಾಪ, ಅವನು ಹೊಗಳಿಕೆಗೇ ಹೇಳಿದ್ದು. ಕೂತಿದ್ದವರೆಲ್ಲ ನನ್ನ ಮುಖ ನೋಡಿದರು.

ಬಂದು ನಿನ್ನ ಹಳೆಯ ಕಾಗದ ತೆಗೆದು ನೋಡಿದೆ. ತಳಿ ಎಂದು ಬರೆದಿದ್ದೀಯೆ, ಇಲಿ ಎಂದು ಎಲ್ಲೂ ಬರೆದಿಲ್ಲ. ನಾವು ರಾಗಿ ಎಂದುಕೊಂಡು ಕುಣಿದೆವು. ನೀನು ಕುಣಿಯಲು ಬಿಟ್ಟೆ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ನನಗೆ ಅರ್ಥವಾಗುವುದಿಲ್ಲ ಎಂದು ನೀನು ತಿಳಿದರೆ ಅದು ಬೇರೆ. ಅರ್ಥವಾಗುತ್ತದೆ ಎಂದೇ ಬರೆಯಲಿಲ್ಲ, ಅಲ್ಲವೇ?

ನಿನ್ನ ತಾಯಿ ಹೋದ ಮೇಲೆ ನಿನ್ನನ್ನು ಎತ್ತಿಕೊಂಡವಳು ನಾನು. ನೀರನ್ನು ಹೇಗೆ ಸೋಸಬೇಕು, ಸೋಸಿದ ಬಟ್ಟೆಯನ್ನು ಯಾವ ಬಾವಿಯ ನೀರೋ ಅದೇ ಬಾವಿಗೆ ಹೇಗೆ ಜಾಲಿಸಬೇಕು, ಕಣ್ಣಿಗೆ ಕಾಣದ ಜೀವವನ್ನೂ ಅದರ ಮನೆಗೆ ಹೇಗೆ ತಲುಪಿಸಬೇಕು, ಅದನ್ನು ಕಲಿಸಿದೆ. ಆ ಕೈ ಈಗ ಇಂಥ ಕೆಲಸ ಮಾಡುತ್ತಿದೆ.

ನನ್ನ ಮಾತು ಸ್ಪಷ್ಟವಾಗಿ ಕೇಳು. ಭಾದ್ರಪದದ ದಶಲಕ್ಷಣ ಪರ್ವದೊಳಗೆ ಆ ಕೆಲಸ ಬಿಟ್ಟರೆ ಕೊನೆಯ ದಿನ, ಅನಂತ ಚತುರ್ದಶಿಗೆ, ಕಳಶ ನಿನ್ನ ಕೈಗೆ. ಬಿಡದಿದ್ದರೆ ಮನೆಗೆ ಬಾ, ಊಟ ಹಾಕುತ್ತೇನೆ, ತಲೆ ಬಾಚುತ್ತೇನೆ, ನೀನು ನನ್ನ ಮಗಳೇ. ಕಳಶ ಮಾತ್ರ ಮುಟ್ಟಬೇಡ.

ಜಿನಮತಿ

(ಅಂಚಿನಲ್ಲಿ ಬೇರೆ ಅಕ್ಷರದಲ್ಲಿ) ಗುಂಡಿ, ನಾನು ನಿನ್ನ ದೊಡ್ಡಪ್ಪ. ಇವಳಿಗೆ ಗೊತ್ತಾಗದ ಹಾಗೆ ಎರಡು ಸಾಲು. ನೀನು ಕೆಲಸ ಬಿಡುವವರೆಗೆ ಬೆಲ್ಲ ಮುಟ್ಟುವುದಿಲ್ಲವೆಂದು ಸ್ವಾಮಿಯ ಮುಂದೆ ನಿಯಮ ಮಾಡಿದ್ದಾಳೆ. ತಾನು ತಿನ್ನದ್ದನ್ನು ಮಾಡಲು ಕೈ ಬರುವುದಿಲ್ಲವಂತೆ. ಯುಗಾದಿಗೆ ಮಾಡಿದ್ದೇ ಕೊನೆಯ ಹೋಳಿಗೆ. ನಾನು ಯಾವ ಪಾಪ ಮಾಡಿದ್ದೆ? - ನಾಗಕುಮಾರ


ಹೈದರಾಬಾದ್
24 ಏಪ್ರಿಲ್ 1982

ಪೂಜ್ಯ ದೊಡ್ಡಮ್ಮನವರಿಗೆ,

ಜಯಕುಮಾರ ಚಿಕ್ಕಪ್ಪ ಹೇಳಿದ್ದು ನಿಜ. ನಾನು ಬರೆದ ತಳಿ ಚಿಟ್ಟಿಲಿಯ ತಳಿ. ಸುಳ್ಳು ಬರೆಯಲಿಲ್ಲವಲ್ಲ ಎಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನೀವು ಒಂದೇ ಸಾಲಿನಲ್ಲಿ ಹಿಡಿದಿರಿ.

ನಾನು ಇಲಿಯನ್ನು ಮುಟ್ಟುವುದಿಲ್ಲ. ನನ್ನದು ಕಡ್ಡಿ, ಕತ್ತರಿ, ಕಾರ್ಡು. ಆದರೆ ನನ್ನ ಕಡ್ಡಿಯಿಂದ ಉದುರಿದ ಕಾರ್ಡು ನೋಡಿಯೇ ಅವರು ಇಲಿ ತರಿಸುತ್ತಾರೆ. ಅದೂ ನನಗೆ ಗೊತ್ತು.

ಇಷ್ಟಾದ ಮೇಲೆ ಎಲ್ಲವನ್ನೂ ಬರೆದುಬಿಡುತ್ತೇನೆ. ಇಲ್ಲಿ ಡಾಕ್ಟರ್ ನಂಜುಂಡಯ್ಯ ಎಂದಿದ್ದಾರೆ. ನಮ್ಮ ಹಾಸನದ ಕಡೆಯವರೇ. ಕ್ಯಾನ್ಸರಿನ ಒಂದು ಔಷಧವನ್ನು ಮೂರು ತಳಿಯ ಇಲಿಗಳಿಗೆ ಕೊಟ್ಟು ಹೋಲಿಸಿ ನೋಡಬೇಕೆಂದು ಸಿದ್ಧತೆ ಮಾಡುತ್ತಿದ್ದಾರೆ. ಒಂದು ಮುಂಬಯಿಯಿಂದ ಬಂದ ತಳಿ, ಒಂದು ಕಲ್ಕತ್ತೆಯದು, ಇನ್ನೊಂದು ಹೊರದೇಶದ್ದು. ಮೂರು ಕಾರ್ಡು, ಮೂರು ಹೆಸರು. ಆದರೆ ಬಣ್ಣ ಒಂದೇ, ಬರುವ ರೋಗ ಒಂದೇ, ಮರಿ ಹಾಕುವ ರೀತಿ ಒಂದೇ. ಯಾವ ತೂತಿಗೆ ಕಡ್ಡಿ ಹಾಕಿದರೂ ಮೂರೂ ಒಟ್ಟಿಗೇ ಉದುರುತ್ತವೆ. ನನಗೆ ಅನುಮಾನ ದೊಡ್ಡಮ್ಮ, ಮೂರೂ ಒಂದೇ ತಳಿ. ಹಿಂದೆ ಯಾರೋ ಒಬ್ಬರಿಂದೊಬ್ಬರು ಇಲಿ ತೆಗೆದುಕೊಂಡು ಹೋಗಿ ತಮಗೆ ಬೇಕಾದ ಹೆಸರು ಇಟ್ಟುಕೊಂಡಿದ್ದಾರೆ.

ನಮ್ಮ ಮನೆಯಲ್ಲಿ ಆದದ್ದೂ ಅದೇ ತಾನೇ. ನನಗೆ ಅಜ್ಜಿಯ ಹೆಸರಿಟ್ಟರು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ತರಬಾರದೆಂದು ನೀವು ಒಂದು ದಿನವೂ ನನ್ನನ್ನು ಹೆಸರಿಟ್ಟು ಕರೆಯಲಿಲ್ಲ, ಪುಟ್ಟಕ್ಕ ಎಂದಿರಿ. ದೊಡ್ಡಪ್ಪನಿಗೆ ನಾನು ಗುಂಡಿ. ಶಾಲೆಯಲ್ಲಿ ಕಾಂಚನಮಾಲಾ. ಮನೆ ಮನೆಯ ಹೆಸರು ಬರೆಯಲು ಬಂದ ಮೇಷ್ಟ್ರು ನಮ್ಮ ಮನೆಯಲ್ಲಿ ಮೂವರು ಹೆಣ್ಣುಮಕ್ಕಳಿದ್ದಾರೆಂದು ಬರೆದುಕೊಂಡು ಹೋಗಿದ್ದರಲ್ಲ.

ಒಂದೇ ತಳಿಯಾದರೆ ಡಾಕ್ಟರು ಹೋಲಿಸುವುದು ಏನನ್ನು? ಒಂದನ್ನು ಅದರ ಜೊತೆಗೇ ಹೋಲಿಸಿದಂತೆ. ಮೂರರಲ್ಲಿ ಎರಡು ಪಾಲು ಇಲಿಗಳು ಸುಮ್ಮನೆ ಸಾಯುತ್ತವೆ. ಇದನ್ನು ಅವರಿಗೆ ಹೇಳಬೇಕು. ಬಾಯಿ ಬರುತ್ತಿಲ್ಲ. ಅವರು ದೊಡ್ಡ ವಿದ್ವಾಂಸರು, ನಾನು ಕಾರ್ಡು ಕತ್ತರಿಸುವವಳು.

ಇನ್ನು ಹೇಳಬೇಕಾಗಿಯೂ ಇಲ್ಲ. ಜುಲೈ ಕೊನೆಗೆ ಕೆಲಸ ಬಿಡುತ್ತೇನೆಂದು ಅರ್ಜಿ ಬರೆದಿಟ್ಟಿದ್ದೇನೆ. ನೀವು ಬೆಲ್ಲ ತಿನ್ನಿ.

ಕಾಂಚನ


ಬಸ್ತಿಹಳ್ಳಿ
14 ಜೂನ್ 1982

ಚಿ. ಪುಟ್ಟಕ್ಕನಿಗೆ ಆಶೀರ್ವಾದ.

ಇಷ್ಟು ದಿನ ಬರೆಯದೆ ಇದ್ದದ್ದು ಕೋಪಕ್ಕಲ್ಲ. ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ.

ಬೆಲ್ಲದ ಮಾತು ದೊಡ್ಡಪ್ಪ ಬರೆದದ್ದು ಸರಿಯಲ್ಲ. ನಿಯಮವನ್ನು ಹೀಗೆ ಡಂಗುರ ಹೊಡೆಯುವುದುಂಟೇ? ಇನ್ನು ಕಾಗದವನ್ನು ನಾನೇ ಅಂಟಿಸಿ ನಾನೇ ಡಬ್ಬಿಗೆ ಹಾಕುತ್ತೇನೆ.

ಮೊದಲು ನಮ್ಮ ಇಲಿಯ ಸಮಾಚಾರ ಕೇಳು. ಹೋದ ವಾರ ಬೋನು ಹಿಡಿದುಕೊಂಡು ಹೋಗುತ್ತಿದ್ದೆ. ಕೆಂಚಪ್ಪ ಬಣವೆಯ ಹತ್ತಿರ ಅಡ್ಡ ನಿಂತ.

"ಅವ್ವಾರೆ, ದಿನಾ ಇಲಿ ತಂದು ಇಲ್ಲಿ ಬಿಟ್ಟೋಗ್ತೀರಲ್ಲ, ನಮ್ಮ ರಾಗಿ ಏನ್ ಮಾಡದು?"

"ನಿನ್ನ ಬಣವೆಗಲ್ಲ ಕಣಪ್ಪ, ಏರಿ ಆಚೆಗೆ ಬಿಡ್ತೀನಿ. ಅದರ ಪಾಡಿಗೆ ಅದು ಹೋಗುತ್ತೆ."

"ಎಲ್ಲಿಗೂ ಹೋಗಾಕಿಲ್ಲ. ನೀವು ಸ್ನಾನ ಮಾಡೋದ್ರೊಳಗೆ ನಿಮ್ಮ ಅಟ್ಟ ಹತ್ತಿರ್ತೈತೆ."

ನನಗೆ ರೇಗಿತು. "ಇಲಿ ಗುರುತು ನಿನಗೆ ಹೆಂಗೆ ಸಿಕ್ತಪ್ಪ, ನಿನ್ನ ನೆಂಟನಾ?" ಎಂದೆ.

"ತಾಳಿ, ನೆಂಟನ್ನ ಮಾಡ್ಕಂತೀನಿ" ಎಂದು ಒಳಗೆ ಹೋದವನು, ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣದ ಡಬ್ಬಿ ತಂದ. ಬೋನಿನ ಸಂದಿಯಿಂದ ಹೊರಗೆ ಚಾಚಿದ್ದ ಬಾಲಕ್ಕೆ ಒಂದು ಕಡ್ಡಿಯಲ್ಲಿ ಮುಟ್ಟಿಸಿದ. "ನಾಳೆ ಈ ಬಾಲ ನಿಮ್ಮ ಬೋನಿಗೆ ಬರ್ನಿಲ್ಲ ಅಂದ್ರೆ ನನಗೆ ಬ್ಯಾರೆ ಹೆಸರು ಇಡಿ" ಎಂದ.

ಬೆಳಿಗ್ಗೆ ಬೋನಿನಲ್ಲಿ ಕೆಂಪು ಬಾಲ. ನಾನು ನಂಬಲಿಲ್ಲ. ಅವನೇ ಏನೋ ಚೇಷ್ಟೆ ಮಾಡಿದ್ದಾನೆಂದು, ಯಾರಿಗೂ ಹೇಳದೆ ಹುಲಿಕೆರೆಯ ದಾರಿಯಲ್ಲಿ ಅಷ್ಟು ದೂರ ನಡೆದು, ಬಿಟ್ಟು ಬಂದೆ. ಒಂದು ದಿನ ಬೋನು ಖಾಲಿ ಇತ್ತು. ಮರುದಿನ ಅದೇ ಕೆಂಪು ಬಾಲ, ಕೊಬ್ಬರಿ ತಿಂದು ಮುಗಿಸಿ, ಬಾಗಿಲು ತೆಗೆಯುವುದು ಯಾವಾಗ ಎಂಬ ಹಾಗೆ ಕೂತಿತ್ತು. ಕೆಂಚಪ್ಪ ಬೋನು ನೋಡಿದ. "ನಿಮ್ಮ ಲೆಕ್ಕದಲ್ಲಿ ಪುಣ್ಯ ಸಾವ್ರ ಇರ್ಬೌದು ಅವ್ವಾರೆ, ಇಲಿ ಮಾತ್ರ ಒಂದೇ" ಎಂದ. ನಿಮ್ಮ ದೊಡ್ಡಪ್ಪ ಪಂಚೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು. ಅಷ್ಟು ಜೀವ ಬಿಟ್ಟೆ, ಇಷ್ಟು ಜೀವ ಬಿಟ್ಟೆ ಎಂದು ನಿನಗೆ ಬೇರೆ ಬರೆದಿದ್ದೆನಲ್ಲ.

ಬಸದಿಗೆ ಹೋಗಿ ಕೂತೆ. ಅಲ್ಲಿನ ಕಂಬಗಳು ನಿನಗೆ ಗೊತ್ತು, ಕನ್ನಡಿಯ ಹಾಗೆ ಹೊಳೆಯುತ್ತವೆ, ಎದುರಿಗೆ ಒಬ್ಬರು ಕೂತರೆ ನಾಲ್ವರಾಗಿ ಕಾಣುತ್ತಾರೆ. ಆಗ ಯೋಚನೆ ಬಂತು. ನಾನು ದಿನವೂ ಬೋನು ಹೊತ್ತದ್ದು ಇಲಿಗಾಗಿ ಎಂದುಕೊಂಡಿದ್ದೆ. ಬಿಟ್ಟ ಮೇಲೆ ಅದು ಎತ್ತ ಹೋಯಿತೆಂದು ಒಂದು ಸಲವೂ ತಿರುಗಿ ನೋಡಲಿಲ್ಲ. ನನ್ನ ಕೈ ಶುದ್ಧವಾಯಿತು, ಬಂದೆ. ನಿನಗೂ ಅದನ್ನೇ ಮಾಡು ಎಂದು ಬರೆದೆ. ನೀನು ಬಿಟ್ಟು ಬಂದರೆ ನಿನ್ನ ಕೈ ಶುದ್ಧ. ಆ ಡಬ್ಬದ ಜೀವಗಳು ಅಲ್ಲೇ ಇರುತ್ತವೆ. ನಿನ್ನ ಜಾಗಕ್ಕೆ ಬಂದವರು ಮೂರು ಹೆಸರು ಕಂಡರೆ ಮೂರು ತಳಿ ಎಂದೇ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಆದ್ದರಿಂದ ಆ ಅರ್ಜಿಯನ್ನು ಹರಿದುಹಾಕು.

ಕೊಲ್ಲುವುದು ಪಾಪವೇ. ನಾನು ಅದನ್ನು ಪುಣ್ಯ ಎನ್ನುವುದಿಲ್ಲ, ನೀನೂ ಅನ್ನಬೇಡ. ಆದರೆ ನಿನ್ನ ಒಂದು ಮಾತಿನಿಂದ ಎರಡು ಪಾಲು ಉಳಿಯುವುದಾದರೆ, ಆ ಮಾತನ್ನು ಬಾಯಲ್ಲಿಟ್ಟುಕೊಂಡು ಹಳೇಬೀಡಿನ ಬಸ್ಸು ಹತ್ತಬೇಡ. ಡಾಕ್ಟರು ವಿದ್ವಾಂಸರಾದರೆ ಒಳ್ಳೆಯದೇ ಆಯಿತು, ಬೇಗ ಅರ್ಥವಾಗುತ್ತದೆ. ನಮ್ಮ ಕಡೆಯವರೇ ಎಂದಿದ್ದೀಯೆ. ಕನ್ನಡದಲ್ಲೇ ಹೇಳು.

ಕಳಶದ ಮಾತು ಈಗ ಆಡುವುದಿಲ್ಲ. ಮೊದಲು ಬಾಯಿ ಬಿಡು.

ನಿನ್ನ ದೊಡ್ಡಮ್ಮ,
ಜಿನಮತಿ


ಹೈದರಾಬಾದ್
6 ಜುಲೈ 1982

ಪೂಜ್ಯ ದೊಡ್ಡಮ್ಮನವರಿಗೆ ನಮಸ್ಕಾರಗಳು.

ಅರ್ಜಿ ಹರಿದೆ. ಬಾಯಿಯನ್ನೂ ಬಿಟ್ಟೆ.

ನಿಮ್ಮ ಕಾಗದ ಬಂದ ವಾರವೇ ಡಾಕ್ಟರು ಎಲ್ಲರನ್ನೂ ಕೂರಿಸಿಕೊಂಡು, ಯಾವ ತಳಿ ಎಷ್ಟೆಷ್ಟು ಬೇಕೆಂದು ಬರೆಸುತ್ತಿದ್ದರು. ಟೀ ಬಂದಾಗ ಮೂರು ಕಾರ್ಡನ್ನೂ ಅವರ ಮುಂದಿಟ್ಟು, "ಸರ್, ಈ ಮೂರೂ ಒಂದೇ ಇಲಿ ಅಂತ ನನಗೆ ಅನುಮಾನ" ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ಏನಮ್ಮ, ಕಡ್ಡಿ ಹಿಡಿದು ಇನ್ನೂ ವರ್ಷ ಆಗಿಲ್ಲ, ತಳಿ ಹೇಳೋಕೆ ಬಂದೆಯಾ? ಹೆಸರು ಬೇರೆ, ಬಂದ ಊರು ಬೇರೆ."

"ಊರಲ್ಲಿ ನಮ್ಮ ದೊಡ್ಡಮ್ಮನೂ ಹಾಗೇ ಅಂದುಕೊಂಡಿದ್ರು ಸರ್" ಎಂದು ಕೆಂಪು ಬಾಲದ ಕಥೆಯನ್ನು ಪೂರ್ತಿ ಹೇಳಿದೆ. ಮೊದಲು ಅವರು ನಕ್ಕರು. ಉಳಿದವರಿಗೆ ತಾವೇ ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಹೇಳಿ ಮತ್ತೆ ನಕ್ಕರು. "ಆ ಕೆಂಚಪ್ಪನ್ನ ಇಲ್ಲಿಗೆ ಕರೆಸಿದ್ರೆ ಅರ್ಧ ಕೆಲಸ ಮುಗೀತದೆ" ಎಂದರು. ಆಮೇಲೆ ನಗು ನಿಲ್ಲಿಸಿ ಕಾರ್ಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇಲ್ಲಿ ಬಾಲಕ್ಕೆ ಬಣ್ಣ ಹಚ್ಚಿದ್ರೆ ಆಗಲ್ಲ. ಕಸಿ ಮಾಡಿ ನೋಡೋಣ. ಬೇರೆ ಬೇರೆ ತಳಿ ಅಂತಾದ್ರೆ ನಾನು ಬರೆಸಿದ ಹಾಗೇ ಮೂರೂ ಬರ್ತವೆ. ಆಮೇಲೆ ನೀನು ಗೊಣಗಬಾರದು" ಎಂದರು. ಒಪ್ಪಿದೆ.

ಕಸಿ ಎಂದರೆ ನಾವು ಮಾವಿಗೆ ಕಟ್ಟುತ್ತೇವಲ್ಲ, ಹಾಗೆಯೇ. ಒಂದು ಇಲಿಗೆ ಮತ್ತು ಬರಿಸಿ, ಸ್ವಲ್ಪ ಚರ್ಮ ತೆಗೆದು ಇನ್ನೊಂದಕ್ಕೆ ಕೂರಿಸುತ್ತಾರೆ. ಎರಡೂ ಬದುಕಿರುತ್ತವೆ. ಬೇರೆ ತಳಿಯಾದರೆ ಮೈ ಅದನ್ನು ಒಪ್ಪುವುದಿಲ್ಲ, ಕೆಲವೇ ದಿನದಲ್ಲಿ ಒಣಗಿ ಉದುರುತ್ತದೆ. ಒಂದೇ ತಳಿಯಾದರೆ ತನ್ನದೇ ಚರ್ಮವೆಂದು ಹಿಡಿದುಕೊಳ್ಳುತ್ತದೆ, ಕೂದಲೂ ಬರುತ್ತದೆ. ಒಂದು ತಳಿಯ ಇಲಿಗಳು ಅಷ್ಟು ಏಕವಾಗಿರುತ್ತವೆ. ಅದು ಹೇಗೆ ಆಗುತ್ತದೆ, ಯಾರಿಗೆ ಯಾರನ್ನು ಕೊಟ್ಟು ತಲೆಮಾರುಗಳನ್ನು ಬೆಳೆಸುತ್ತಾರೆ ಎಂದು ಬರೆದರೆ ನೀವು ಈ ಕಾಗದ ಹರಿದುಹಾಕುತ್ತೀರಿ. ಬರೆಯುವುದಿಲ್ಲ.

ನಾಡಿದ್ದು ಕಸಿ.

ಕಾಂಚನ


ಬಸ್ತಿಹಳ್ಳಿ
21 ಜುಲೈ 1982
(ಕಾರ್ಡು)

ಚಿ. ಪುಟ್ಟಕ್ಕನಿಗೆ. ಕಸಿ ಹಿಡಿಯಿತೇ? ಕೆಂಚಪ್ಪ ದಿನಕ್ಕೆರಡು ಸಲ ಕೇಳುತ್ತಾನೆ. ತನ್ನನ್ನು ಹೈದರಾಬಾದಿಗೆ ಕರೆದರೆ ಎತ್ತುಗಳನ್ನು ಯಾರು ನೋಡಿಕೊಳ್ಳುವುದೆಂದು ಈಗಲೇ ಚಿಂತೆ ಮಾಡುತ್ತಿದ್ದಾನೆ. ತೆಂಗಿನ ಮರಕ್ಕೆ ಇಲಿ ಹತ್ತದಂತೆ ಸುತ್ತುವ ತಗಡನ್ನು ಅಟ್ಟದ ಕಂಬಗಳಿಗೂ ಸುತ್ತಿಸಿದೆ. ಕೆಂಪು ಬಾಲ ಎರಡು ದಿನ ಕೆಳಗೆ ನಿಂತು ನೋಡಿ ಹೋಯಿತು. ಬೋನು ಎತ್ತಿಟ್ಟಿದ್ದೇನೆ. ಇದನ್ನು ಮೊದಲೇ ಮಾಡಬಹುದಾಗಿತ್ತು. ಜಾಗ ಮುಗಿಯಿತು. - ಜಿನಮತಿ


ಹೈದರಾಬಾದ್
18 ಆಗಸ್ಟ್ 1982

ಪೂಜ್ಯ ದೊಡ್ಡಮ್ಮನವರಿಗೆ ನಮಸ್ಕಾರಗಳು.

ಮುಂಬಯಿಯ ಇಲಿಯ ಚರ್ಮ ಕಲ್ಕತ್ತೆಯ ಇಲಿಯ ಮೈಯಲ್ಲಿ ಹಿಡಿದಿದೆ. ಕಲ್ಕತ್ತೆಯದು ಮುಂಬಯಿಯದರ ಮೇಲೂ ಹಿಡಿದಿದೆ. ಕೂದಲು ಬಂದಿದೆ. ನಿಯಮದಂತೆ ಇನ್ನೂ ಕೆಲವು ವಾರ ನೋಡಬೇಕು. ಆದರೆ ಡಾಕ್ಟರು ಈಗಲೇ, "ಇವೆರಡೂ ಒಂದೇ, ಸೋತೆ ಕಣಮ್ಮ" ಎಂದರು.

ಹೊರದೇಶದ್ದು ಹಿಡಿಯಲಿಲ್ಲ. ಎರಡನೆಯ ವಾರದಲ್ಲೇ ಕಪ್ಪಾಗಿ ಉದುರಿತು. ಅದು ಬೇರೆಯದೇ ತಳಿ. ಅಲ್ಲಿ ನನ್ನ ಅನುಮಾನ ತಪ್ಪಾಯಿತು. ಮೂರೂ ಒಂದೇ ಎಂದು ನಿಮಗೆ ಬರೆದದ್ದೂ ತಪ್ಪು. ಆದ್ದರಿಂದ ಪ್ರಯೋಗ ನಿಲ್ಲುವುದಿಲ್ಲ ದೊಡ್ಡಮ್ಮ. ಎರಡು ತಳಿಯಲ್ಲಿ ನಡೆಯುತ್ತದೆ. ಉಳಿದದ್ದು ಎರಡು ಪಾಲಲ್ಲ, ಒಂದೇ ಪಾಲು. ಇದನ್ನು ಮರೆಮಾಡಬಾರದೆಂದು ಮೊದಲೇ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ. ಬರುವ ವರ್ಷ ಈ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಾರಂತೆ. ಕಾರ್ಡಿನಲ್ಲಿರುವ ತಪ್ಪು ಅದರೊಳಗೂ ಹೋಗುತ್ತದೆ, ಅಲ್ಲಿಂದ ಎಷ್ಟೋ ಊರಿಗೆ ಹೋಗುತ್ತದೆ. ಅದಕ್ಕೆ ಮುಂಚೆ ಎಲ್ಲ ತಳಿಗಳ ಹೆಸರುಗಳನ್ನೂ ಹೋಲಿಸಿ, ಅನುಮಾನ ಬಂದದ್ದನ್ನು ಆರಿಸಿ ಕೊಡುವ ಕೆಲಸವನ್ನು ಡಾಕ್ಟರು ನನಗೇ ವಹಿಸಿದ್ದಾರೆ. ನಾನು ಒಂದು ಉಪಾಯ ಮಾಡಿದ್ದೇನೆ. ಒಂದು ತಳಿಗೆ ಎಲ್ಲೆಲ್ಲಿ ಏನೇನು ಹೆಸರಿದೆಯೋ ಅಷ್ಟಕ್ಕೂ ಅದೇ ಕಾರ್ಡಿನಲ್ಲಿ ತೂತಿನ ಬಾಯಿ ಬಿಡಿಸಿದ್ದೇನೆ. ಯಾರು ಯಾವ ಹೆಸರಿನಿಂದ ಕೇಳಿದರೂ ಅದೊಂದೇ ಕಾರ್ಡು ಉದುರುತ್ತದೆ. 'ಇದನ್ನು ಬೇರೆ ಕಡೆ ಹೀಗೂ ಕರೆಯುತ್ತಾರೆ' ಎಂದು ಅದರಲ್ಲೇ ಬರೆದಿರುತ್ತದೆ. ಈಗಾಗಲೇ ಇನ್ನೆರಡು ಜೋಡಿ ಅನುಮಾನಕ್ಕೆ ಸಿಕ್ಕಿವೆ.

ಈ ಕೆಲಸ ನಡುವೆ ಬಿಟ್ಟು ಅನಂತ ಚತುರ್ದಶಿಗೆ ಬರಲು ಆಗುವುದಿಲ್ಲ. ಕಳಶ ಕೊಡುತ್ತೀರೋ ಇಲ್ಲವೋ ಎಂದು ನಾನು ಕೇಳಲಿಲ್ಲ, ನೀವು ಹೇಳಲಿಲ್ಲ. ಈ ವರ್ಷ ಕೇಳುವುದೂ ಇಲ್ಲ.

ಕಾಂಚನ


ಬಸ್ತಿಹಳ್ಳಿ
4 ಸೆಪ್ಟೆಂಬರ್ 1982

ಚಿ. ಕಾಂಚನಮಾಲಾಳಿಗೆ ಆಶೀರ್ವಾದಗಳು.

ಹೆಸರು ನೋಡಿ ಬೇರೆ ಯಾರೋ ಬರೆದ ಕಾಗದ ಎಂದುಕೊಳ್ಳಬೇಡ. ನಾನೇ.

ಅನಂತ ಚತುರ್ದಶಿ ಚೆನ್ನಾಗಿ ಆಯಿತು. ಹರಕೆ ತಪ್ಪಿಸುವ ಹಾಗಿರಲಿಲ್ಲ. ನಿನ್ನ ಬದಲಿಗೆ ಕಳಶ ನಾನೇ ಹಿಡಿದು ನಿಂತೆ. ಪುರೋಹಿತರು, "ಯಾರ ಹೆಸರಿನಲ್ಲಿ ತಾಯಿ?" ಎಂದರು. ಪುಟ್ಟಕ್ಕ ಎಂದೆ. "ಅದು ಕರೆಯೋ ಹೆಸರು. ಸ್ವಾಮಿ ಮುಂದೆ ಇಟ್ಟ ಹೆಸರು ಹೇಳಬೇಕು" ಎಂದರು. ನಿಮ್ಮ ದೊಡ್ಡಪ್ಪ ಹೇಳಲಿ ಎಂದು ಅವರ ಕಡೆ ನೋಡಿದೆ. ಅವರು ಬೇಕೆಂದೇ ಕಂಬದಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಾ ನಿಂತರು. ಹಿಂದೆ ನಿಂತಿದ್ದ ಯಶೋಧಾ ಪಕ್ಕದವಳ ಕಿವಿಯಲ್ಲಿ, "ಅದೇ, ಇಲಿ ಆಫೀಸಿನ ಹುಡುಗಿ ಹೆಸರಿನಲ್ಲಾ?" ಎಂದಳು. ಕಿವಿಯಲ್ಲಿ ಹೇಳಿದರೂ ಅವಳ ಗಂಟಲು ನಿನಗೆ ಗೊತ್ತಲ್ಲ.

ನಾನು ತಿರುಗಿ ನಿಂತೆ. "ಹೌದು ಕಣೇ, ಅವಳೇ. ನನ್ನ ಮಗಳು ಕಾಂಚನಮಾಲಾ" ಎಂದೆ. ಬಸದಿಯೆಲ್ಲ ಕೇಳಿಸುವ ಹಾಗೆ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅತ್ತೆಯವರು ಎಲ್ಲಿದ್ದರೂ ಕೇಳಿಸಿಕೊಂಡಿರುತ್ತಾರೆ. ಅವರಿಗೂ ಬೇಸರವಾಗಿರಲಿಕ್ಕಿಲ್ಲ. ಅಭಿಷೇಕದ ಹಾಲು ಸ್ವಾಮಿಯ ಭುಜದಿಂದ ಒಂದೇ ಸಮನೆ ಇಳಿಯಿತು. ಬರುವ ವರ್ಷ ನೀನೇ ಬಂದು ಹಿಡಿ. ಕಳಶ ನಿನ್ನದು. ಯಾರನ್ನೂ ಕೇಳಬೇಕಾಗಿಲ್ಲ, ನನ್ನನ್ನೂ.

ನಿನ್ನ ದೊಡ್ಡಪ್ಪನಿಗೆ ಹೋಳಿಗೆ ಮಾಡಿ ಹಾಕಿದೆ. ಈಗ ಕೈ ಬಂತು. ಅವರು ಎಲೆಯ ಮುಂದೆ ಕೂತು ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ನಾನು ಬೆಲ್ಲ ತಿನ್ನಲಿಲ್ಲ. ಅದು ನಿನ್ನ ಮೇಲಿನ ಕೋಪಕ್ಕೆ ಹಿಡಿದ ನಿಯಮ. ಕೋಪ ಹೋಯಿತು, ನಿಯಮ ಇರಲಿ ಎಂದುಕೊಂಡೆ. ಕಸಿ ಹಿಡಿಯದ ಆ ಹೊರದೇಶದ ಇಲಿಗಾಗಿ, ಪ್ರಯೋಗದಲ್ಲಿ ಸಾಯುವ ಉಳಿದವಕ್ಕಾಗಿ. ನೀನು ಮರೆಮಾಡದೆ ಬರೆದೆಯಲ್ಲ, ನನಗೂ ಮರೆಯಬಾರದು. ಬೆಲ್ಲ ಹಾಕದ ಪಾಯಸ ಮೊದಲ ಸಲ ಕಷ್ಟ, ಆಮೇಲೆ ರೂಢಿಯಾಗುತ್ತದೆ.

ಇವತ್ತು ಕ್ಷಮಾವಣಿ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ನೋಯಿಸಿದವರನ್ನೆಲ್ಲ ಕ್ಷಮೆ ಕೇಳುವ ದಿನ. ಬೆಳಿಗ್ಗೆ ಮೊದಲು ದೊಡ್ಡಪ್ಪನನ್ನು ಕೇಳಿದೆ. ಯಶೋಧಾಳ ಮನೆಗೂ ಹೋಗಿ ಕೇಳಿದೆ, ಅವಳೂ ಕೇಳಿದಳು. ಕೆಂಚಪ್ಪನನ್ನು ಕೇಳಿದರೆ, "ನನ್ನನ್ನೇನ್ ಕೇಳ್ತೀರಿ ಅವ್ವಾರೆ, ಆ ಕೆಂಪು ಬಾಲದೋನ್ನ ಕೇಳಿ. ಹುಲಿಕೆರೆಯಿಂದ ನಡೆಸಿದ್ರಲ್ಲ" ಎಂದ. ಈಗ ನಿನ್ನನ್ನು ಕೇಳುತ್ತಿದ್ದೇನೆ. ಏಪ್ರಿಲ್ ತಿಂಗಳಲ್ಲಿ ಬರೆದ ಕಾಗದಕ್ಕೆ.

ನನಗಾಗಿ ಒಂದು ಕೆಲಸ ಮಾಡು. ಈ ಕಾಗದ ತಲುಪಿದ ದಿನ, ಸ್ನಾನ ಮಾಡಿಕೊಂಡು, ಆ ಡಬ್ಬಗಳು ಇರುವ ಕೋಣೆಗೆ ಹೋಗು. ಇದುವರೆಗೆ ನೀನು ಕಾರ್ಡು ಮುಟ್ಟಿದ್ದೀಯೆ, ಒಂದು ಸಲ ಅವುಗಳ ಮುಂದೆ ನಿಲ್ಲು. ನಿನ್ನ ಪರವಾಗಿ, ನನ್ನ ಪರವಾಗಿ, ಆ ಡಾಕ್ಟರ ಪರವಾಗಿಯೂ ಕ್ಷಮೆ ಕೇಳು. ಸುಮ್ಮನೆ ಎಲ್ಲ ಜೀವಗಳೂ ಎಂದು ಒಟ್ಟಾಗಿ ಹೇಳಿ ಬಂದುಬಿಡಬೇಡ, ತಳಿಯ ಹೆಸರು ಹಿಡಿದು ಕೇಳು. ಮುಂಬಯಿಯವರು ಇಟ್ಟದ್ದನ್ನೂ ಹೇಳು, ಕಲ್ಕತ್ತೆಯವರು ಇಟ್ಟದ್ದನ್ನೂ ಹೇಳು. ಅದು ಯಾವುದಕ್ಕೆ ಓಗೊಡುತ್ತದೋ ನಮಗೇನು ಗೊತ್ತು.

ನಿನ್ನ ದೊಡ್ಡಮ್ಮ,
ಜಿನಮತಿ